ಮಾವನ ಫೋರ್‌ವೀಲ್ ಮತ್ತು ಎರಡೂವರೆ ಸೆಂಟ್ ಜಾಗ

ಅರುವತ್ನಾಲ್ಕನೇ ವಯಸ್ಸಿನಲ್ಲಿ ಮಾವನಿಗೆ ಎರಡು ಸಂಗತಿಗಳಾದವು. ಒಂದು ಕಣ್ಣಿನ ಪೊರೆಯ ಆಪರೇಷನ್, ಇನ್ನೊಂದು ಕಾರು. ಆಪರೇಷನ್ ಮೊದಲು ಆಗಿ ಕಾರು ಆಮೇಲೆ ಬಂದದ್ದು ಪುತ್ತಿಗೆ ಪಂಚಾಯತಿನ ಜನರ ಪುಣ್ಯ.

ಮಾವ ಎಂದರೆ ನನ್ನ ಗಂಡ ಗಣೇಶಪ್ರಸಾದನ ಅಪ್ಪ, ಮಹಾಗಣಪತಿ ಭಟ್ಟರು. ವಿದ್ಯುತ್ ಬೋರ್ಡಿನಲ್ಲಿ ಓವರ್ಸಿಯರ್ ಆಗಿದ್ದು ಈಗ ಪಿಂಚಣಿಯಲ್ಲಿರುವವರು. ಕೆಲಸದಲ್ಲಿದ್ದ ಮೂವತ್ತು ವರ್ಷವೂ ಅವರು ಬೋರ್ಡಿನ ಜೀಪಿನ ಎಡಗಡೆಯ ಸೀಟಿನಲ್ಲಿ ಕುಳಿತು, ಜನಾರ್ದನ ಎಂಬ ಡ್ರೈವರನಿಗೆ "ಬಲಕ್ಕೆ ತಿರುಗಿಸು, ಸೆಕೆಂಡಿಗೆ ಹಾಕು, ಹಾರ್ನ್ ಹೊಡಿ" ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ತನಗೇ ಡ್ರೈವಿಂಗ್ ಬಂದಿದೆ ಎಂದು ಅವರಿಗೆ ಅನಿಸಿಬಿಟ್ಟಿತ್ತು. ಲೈಸೆನ್ಸ್ ಕೊಡುವವರಿಗೆ ಹಾಗೆ ಅನಿಸಲಿಲ್ಲ. ಇಲ್ಲಿ ಕಾರಿನ ಲೈಸೆನ್ಸ್ ಬೇಕಾದರೆ ನೆಲದಲ್ಲಿ ನೆಟ್ಟ ಕಂಬಗಳ ನಡುವೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಗಾಡಿಯನ್ನು ಹಿಂದೆ ಮುಂದೆ ಓಡಿಸಿ ತೋರಿಸಬೇಕು. ಜೀವಮಾನವಿಡೀ ಊರೂರಿನಲ್ಲಿ ಕಂಬ ನೆಡಿಸಿದ ಮನುಷ್ಯ ಮೂರು ಟೆಸ್ಟುಗಳಲ್ಲಿ ಏಳು ಕಂಬ ಕೆಡವಿದರು. ನಾಲ್ಕನೆಯ ಸಲ ಪಾಸಾದಾಗ ಅತ್ತೆ ವಸುಮತಿಯವರು ದೇವರಿಗೆ ಅಪ್ಪದ ಸೇವೆ ಕೊಟ್ಟರು. ಅದು ಪಾಸಾದದ್ದಕ್ಕೆ ಕೃತಜ್ಞತೆಯೋ, ಇನ್ನು ಮುಂದಕ್ಕೆ ರಸ್ತೆಯಲ್ಲಿ ನಡೆಯುವವರಿಗಾಗಿ ಪ್ರಾರ್ಥನೆಯೋ ಎಂದು ಅವರು ಹೇಳಲಿಲ್ಲ.

ಕಾರು ಸೆಕೆಂಡ್ ಹ್ಯಾಂಡ್, ಕುಂಜತ್ತೂರಿನ ಯಾರೋ ಒಬ್ಬರಿಂದ ತಂದದ್ದು. ಬೆಂಕಿಪೆಟ್ಟಿಗೆಯ ಆಕಾರ, ಒಣಗಿದ ಬಾಳೆಲೆಯ ಬಣ್ಣ. ಮುಂದೆ ಎರಡು ಬಾಗಿಲು, ಹಿಂದೆ ಒಂದು. ಒಳಗೆ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಸಣ್ಣ ಬೆಂಚು. ಅತ್ತೆ ಪ್ರತಿ ಮದುವೆಗೂ ಹಿಂದಿನ ಬಾಗಿಲಿನಿಂದ ಗ್ಯಾಸ್ ಸಿಲಿಂಡರಿನ ಹಾಗೆ ಹತ್ತಿ, ಗ್ಯಾಸ್ ಸಿಲಿಂಡರಿನ ಹಾಗೆಯೇ ಇಳಿಯುತ್ತಾರೆ. ಮಗುವಿನ ಸೀಟು ಕಟ್ಟುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ನಾನು ಟೇಪು ಹಿಡಿದು ಅಳೆದೇ ನೋಡಿದ್ದೇನೆ. ಮೈಸೂರಿನಿಂದ ನನ್ನ ಅಮ್ಮ ಕಳಿಸಿದ ಸೀಟು ಈಗ ಜಗಲಿಯಲ್ಲಿದೆ. ಅದರಲ್ಲಿ ಬೆಕ್ಕು ಮಲಗುತ್ತದೆ, ಬೆಲ್ಟ್ ಹಾಕದೆ.

ಆದರೆ ಅದು ಫೋರ್‌ವೀಲ್ ಗಾಡಿ. ಸಾಧಾರಣ ಹೊತ್ತಿನಲ್ಲಿ ಇಂಜಿನ್ನು ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಗೇರಿನ ಪಕ್ಕದಲ್ಲಿರುವ ಇನ್ನೊಂದು ಗಿಡ್ಡ ಲಿವರ್ ಎಳೆದರೆ ಮುಂದಿನ ಎರಡೂ ಸೇರಿಕೊಂಡು ನಾಲ್ಕೂ ಚಕ್ರ ಗಾಡಿಯನ್ನು ಎಳೆಯುತ್ತವೆ. ಬೋರ್ಡಿನ ಜೀಪಿನಲ್ಲಿ ಜನಾರ್ದನ ಇಂಥದೊಂದು ಲಿವರ್ ಎಳೆದಾಗ ಜೀಪು ಆಡಿನ ಹಾಗೆ ಗುಡ್ಡೆ ಹತ್ತಿದ್ದನ್ನು ಮಾವ ಕಂಡಿದ್ದರು. ಅಂದಿನಿಂದ ಅವರ ಮಟ್ಟಿಗೆ ಲೋಕದಲ್ಲಿ ಎರಡೇ ಜಾತಿ, ಫೋರ್‌ವೀಲ್ ಇರುವವರು ಮತ್ತು ಇಲ್ಲದವರು.

ನಮ್ಮ ನೆಲ್ಲಿಮೂಲೆಯಲ್ಲಿ ಎಂಟು ಮನೆಗಳು. ಎಂಟೂ ತಗ್ಗಿನಲ್ಲಿ. ಡಾಮರು ರಸ್ತೆ ಗುಡ್ಡೆಯ ಮೇಲೆ. ನಡುವೆ ಮುನ್ನೂರು ಮೀಟರಿನ ಮಣ್ಣಿನ ಚಡಾವು, ಅರ್ಧದಲ್ಲಿ ಮೊಣಕೈಯ ಹಾಗೆ ಒಂದು ತಿರುವು. ಜೂನ್ ಬಂತೆಂದರೆ ಆ ಚಡಾವು ಸಾಬೂನು ಹಚ್ಚಿದ ಹಾಗೆ ಆಗುತ್ತದೆ. ರಿಕ್ಷಾಗಳು ಮೇಲೆಯೇ ನಿಲ್ಲುತ್ತವೆ. ಪಕ್ಕದ ಮನೆಯ ಕಿಟ್ಟಣ್ಣ ದುಬೈಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ತಂದ ದೊಡ್ಡ ಬಿಳಿ ಕಾರು ಅಕ್ಟೋಬರಿನ ತನಕ ಮೇಲಿನ ಅಂಗಡಿಯ ಪಕ್ಕ ನೀಲಿ ಟರ್ಪಾಲು ಹೊದ್ದು ಮಲಗಿರುತ್ತದೆ. ಅದರ ಹತ್ತಿರ ಬಂದಾಗ ಮಾವ ಗಾಡಿ ನಿಧಾನ ಮಾಡುವುದುಂಟು.

"ಎಂತ ಕಿಟ್ಟಣ್ಣ, ನಿಮ್ಮ ಆನೆ ಮಲಗಿಯೇ ಉಂಟಲ್ಲ?"

"ಆನೆಗೆ ಮಳೆಗಾಲ ರಜೆ ಭಟ್ರೆ. ನಿಮ್ಮ ಆಡು ಹತ್ತಿತಲ್ಲ, ಸಾಕು."

"ಆಡಲ್ಲ ಮಾರಾಯ್ರೆ, ಫೋರ್‌ವೀಲ್!"

ಐದು ತಿಂಗಳು ಮಾವ ಊರಿನ ರಾಜ. ಬಸುರಿಯರನ್ನು ಮೇಲೆ ಮುಟ್ಟಿಸುವುದು, ರೇಷನ್ ಅಕ್ಕಿ ಕೆಳಗೆ ತರುವುದು, ಮಂಡಿನೋವಿನ ಮುದುಕಿಯರನ್ನು ಮದುವೆಗೆ ಹೊರಡಿಸುವುದು, ಎಲ್ಲದಕ್ಕೂ "ಭಟ್ರೆ, ಒಮ್ಮೆ ಬರ್ತೀರಾ?" ಎಂದು ಫೋನು. ಒಂದು ಪೈಸೆ ತೆಗೆದುಕೊಳ್ಳುವವರಲ್ಲ. ಅವರ ಬಾಡಿಗೆ ಬೇರೆ. ಹತ್ತಿದವರು ಇಳಿಯುವ ತನಕ ಫೋರ್‌ವೀಲಿನ ಮಹಿಮೆ ಕೇಳಬೇಕು, ನಡುವೆ ಎರಡು ಸಲವಾದರೂ "ಹೌದಾ!" ಎನ್ನಬೇಕು. ಹೆರಿಗೆ ನೋವಿನಲ್ಲಿದ್ದ ಒಬ್ಬಳೂ "ಹೌದಾ" ಎಂದಿದ್ದಳಂತೆ. ಅದನ್ನು ಮಾವ ಇಂದಿಗೂ ಹೇಳುತ್ತಾರೆ.

ನಾನು ಮದುವೆಯಾಗಿ ಬಂದ ಮೇಲಿನ ಮೊದಲ ಮಳೆಗಾಲ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡೇ ಕಳೆಯಿತು. ಎರಡನೆಯದರಲ್ಲಿ ಮಡಿಲಲ್ಲಿ ಮಗು ಇತ್ತು, ಹಾಗಾಗಿ ಕಣ್ಣು ತೆರೆದೆ. ಆಗ ಎರಡು ವಿಷಯ ಕಂಡವು.

ಮೊದಲನೆಯದು ಬಟ್ಯ. ನಮ್ಮಲ್ಲಿ ಮೊದಲಿನಿಂದಲೂ ಕೆಲಸಕ್ಕೆ ಬರುವ, ಮಾವನದೇ ಪ್ರಾಯದ ಮನುಷ್ಯ. ಮಳೆಗಾಲದಲ್ಲಿ ಅವನ ಬೆಳಗಿನ ಮೊದಲ ಕೆಲಸ ಒಂದು ಬುಟ್ಟಿ ಅಡಿಕೆ ಸಿಪ್ಪೆ, ಒಂದು ಹೊರೆ ಸೋಗೆ ಹೊತ್ತು ತಿರುವಿನ ಹತ್ತಿರ ಹೋಗಿ, ಚಕ್ರ ಹೋಗುವ ಎರಡು ಸಾಲಿನಲ್ಲಿ ಒತ್ತಾಗಿ ಹಾಸುವುದು. ಗಾಡಿ ಹತ್ತುವಾಗ ಒಂದು ಕಲ್ಲು ಹಿಡಿದು ಹಿಂದೆಯೇ ನಡೆಯುವುದು. ಎಲ್ಲಾದರೂ ನಿಂತರೆ ಚಕ್ರಕ್ಕೆ ಅಡ್ಡ ಇಡುವುದು. ಮೇಲೆ ತಲಪಿದ ಮೇಲೆ ಮಾವ ಸ್ಟೇರಿಂಗಿಗೆ ತಟ್ಟಿ "ನೋಡಿದ್ಯಾ ತಾಕತ್ತು!" ಎನ್ನುತ್ತಾರೆ. ಬಟ್ಯ ಕೆಳಗೆ ನಿಂತು ಏದುಸಿರು ಬಿಡುತ್ತಿರುತ್ತಾನೆ.

ಒಮ್ಮೆ ನಾನು ಅವನನ್ನೇ ಕೇಳಿದೆ. "ಬಟ್ಯಣ್ಣ, ಫೋರ್‌ವೀಲ್ ಇರುವಾಗ ನೀವು ಯಾಕೆ ಸಿಪ್ಪೆ ಹಾಸಬೇಕು?"

ಅವನು ಎಲೆಯಡಿಕೆ ಉಗುಳಿ ಯೋಚಿಸಿದ. "ಅಕ್ಕಾ, ಗಾಡಿಗೆ ನಾಲ್ಕು ಚಕ್ರ ಉಂಟು, ನನಗೆ ಎರಡು ಕೈ ಉಂಟು. ಒಟ್ಟು ಆರು. ಆರು ಇದ್ರೆ ಹತ್ತುತದೆ."

ಕಂಡ ಎರಡನೆಯ ವಿಷಯ, ಆ ಗಿಡ್ಡ ಲಿವರಿನ ತಲೆಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಹೊದೆಸಿ ರಬ್ಬರ್ ಬ್ಯಾಂಡ್ ಹಾಕಿತ್ತು. ತೊಟ್ಟೆಯ ಮೇಲೆ ಧೂಳು.

"ಮಾವ, ನೀವು ಇದನ್ನ ಎಳೆಯೋದೇ ಇಲ್ವಾ?"

"ಅದು ಆಪತ್ತಿಗೆ."

"ಈ ಚಡಾವು ಹತ್ತುವಾಗ ಆದ್ರೂ…"

"ಚಡಾವು ಆಪತ್ತಾ? ದಿನಾ ಎಳೆದ್ರೆ ಸವೆದು ಹೋಗ್ತದೆ. ಮತ್ತೆ ಆಪತ್ತಿನ ದಿನ ಎಂತ ಮಾಡುದು? ನಿನ್ನನ್ನು ಎಳೀಲಿಕ್ಕೆ ಹೇಳುದಾ?"

ನನಗೆ ಆಶ್ಚರ್ಯವಾಗಬಾರದಿತ್ತು. ಈ ಮನೆಯ ರೀತಿಯೇ ಅದು. ನೆಂಟರಿಗೆಂದು ತೆಗೆದಿಟ್ಟ ಸೋಪು ನೆಂಟರು ಬರುವಾಗ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಹೊಸ ಟವೆಲುಗಳು ಪೆಟ್ಟಿಗೆಯಲ್ಲೇ ಮಡಿಕೆಯ ಗೆರೆಯಲ್ಲಿ ಹರಿದಿವೆ. ಟಾರ್ಚಿನ ಸೆಲ್ಲುಗಳನ್ನು ಖರ್ಚಾಗದಂತೆ ಕಪಾಟಿನಲ್ಲಿಟ್ಟು, ಕರೆಂಟು ಹೋದಾಗ ಕಪಾಟು ಹುಡುಕಲು ಟಾರ್ಚು ಬೇಕು ಎಂದು ಕೂಗುವವರು ಇವರು. ಹೀಗಿರುವಾಗ ನಾಲ್ಕು ಚಕ್ರದ ಶಕ್ತಿಯನ್ನು ಬರೀ ಕೆಸರಿಗೆ ಖರ್ಚು ಮಾಡುತ್ತಾರೆಯೇ? ಸೀತಾಂಗೋಳಿಯ ಮೆಕ್ಯಾನಿಕ್ ಕೃಷ್ಣಕುಮಾರ ನನ್ನೆದುರಿಗೇ ಹೇಳಿದ್ದ. "ಭಟ್ರೆ, ತಿಂಗಳಿಗೆ ಒಮ್ಮೆ ಆದ್ರೂ ಅದನ್ನು ಹಾಕಿ ಓಡಿಸಿ. ಇಲ್ಲಾಂದ್ರೆ ಒಳಗೆ ತುಕ್ಕು ಹಿಡೀತದೆ."

ಮಾವ ದಾರಿಯಲ್ಲಿ ನನಗೆ ವಿವರಿಸಿದರು. "ಅವನಿಗೆ ಪಾರ್ಟ್ಸ್ ಖರ್ಚಾಗ್ಬೇಕು, ಅದಕ್ಕೆ ಹಾಗೆ ಹೇಳುದು."

ನಗುವುದಕ್ಕೆ ಇಷ್ಟು ಸಾಕಿತ್ತು. ಮಗಳು ಶ್ರೀರಂಜಿನಿಗೆ ಉಬ್ಬಸ ಶುರುವಾಗದೆ ಇದ್ದಿದ್ದರೆ ನಾನೂ ನಕ್ಕುಕೊಂಡೇ ಇರುತ್ತಿದ್ದೆ.

ಅವಳಿಗೆ ಈಗ ನಾಲ್ಕು ವರ್ಷ. ಎರಡು ಮಳೆಗಾಲದಿಂದ, ಥಂಡಿ ಜೋರಾದರೆ ಎದೆಯಲ್ಲಿ ಶಿಳ್ಳೆಯ ಹಾಗೆ ಸದ್ದು. ಇನ್ಹೇಲರ್ ಉಂಟು, ಮನೆಯಲ್ಲೇ ಮದ್ದಿನ ಹಬೆ ಕೊಡುವ ಮಿಷನ್ ಉಂಟು. ಆದರೆ ಮಿಷನ್ನಿಗೆ ಕರೆಂಟು ಬೇಕು, ಮತ್ತು ಮಳೆಗಾಲದಲ್ಲಿ ಎಲ್ಲರಿಗಿಂತ ಮೊದಲು ಕರೆಂಟು ಹೋಗುವುದು ಓವರ್ಸಿಯರರ ಮನೆಯಲ್ಲಿ. ಡಾಕ್ಟರು ಹೇಳಿದ್ದಾರೆ: ಪಕ್ಕೆಲುಬಿನ ನಡುವೆ ಒಳಕ್ಕೆ ಎಳೆದುಕೊಳ್ಳುವುದು ಕಂಡರೆ ಕಾಯಬೇಡಿ, ಬನ್ನಿ. ಮೇಲಿನ ರಸ್ತೆಯಿಂದ ಕುಂಬಳೆಯ ಆಸ್ಪತ್ರೆಗೆ ಹದಿನೈದು ನಿಮಿಷ. ಮನೆಯಿಂದ ಮೇಲಿನ ರಸ್ತೆಗೆ ಎಷ್ಟು ನಿಮಿಷ ಎಂದು ಯಾವ ಡಾಕ್ಟರೂ ಹೇಳಲಾರರು. ಅದು ಸಿಪ್ಪೆಗೆ, ಸೋಗೆಗೆ, ಬಟ್ಯನ ಸೊಂಟಕ್ಕೆ ಬಿಟ್ಟದ್ದು.

ಈ ವರ್ಷ ಜುಲೈಯ ಮೊದಲ ವಾರ ವಾರ್ಡ್ ಮೆಂಬರ್ ದಮಯಂತಿ ಒಂದು ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಚಡಾವಿಗೆ ಕಾಂಕ್ರೀಟ್ ಹಾಕುವ ಕೆಲಸ ಪಂಚಾಯತಿನ ಪಟ್ಟಿಗೆ ಸೇರಿತ್ತು. ತಿರುವನ್ನು ಅಗಲ ಮಾಡಲು ನಮ್ಮ ಹಿತ್ತಿಲಿನ ಮೂಲೆಯಿಂದ ಎರಡೂವರೆ ಸೆಂಟ್ ಜಾಗ ಬೇಕು. ಅದನ್ನು ಬಿಟ್ಟುಕೊಡುತ್ತೇನೆ ಎಂದು ಮಾವ ಸಮ್ಮತಪತ್ರಕ್ಕೆ ಸಹಿ ಹಾಕಬೇಕು. ಉಳಿದ ಏಳು ಮನೆಯವರೂ ಹಾಕಿ ಆಗಿತ್ತು.

"ತಿಂಗಳ ಕೊನೆಯ ಆದಿತ್ಯವಾರ ಗ್ರಾಮಸಭೆ ಉಂಟು ಭಟ್ರೆ. ಅದರ ಒಳಗೆ ಕಾಗದ ಸರಿ ಆಗದಿದ್ರೆ ಈ ಕೆಲಸ ಬೇರೆ ವಾರ್ಡಿಗೆ ಹೋಗ್ತದೆ. ಮತ್ತೆ ಐದು ವರ್ಷ ಯಾರೂ ಈ ಕಡೆ ನೋಡುದಿಲ್ಲ."

ಮಾವ ಫಾರಮನ್ನು ಮುಟ್ಟಲೂ ಇಲ್ಲ. "ಕಾಂಕ್ರೀಟ್ ಹಾಕಿದ್ರೆ ನೀರು ಇಂಗುದಿಲ್ಲ ಮೆಂಬರೇ. ಬಾವಿ ಬತ್ತುತದೆ."

"ಬದಿಯಲ್ಲಿ ಚರಂಡಿ ಉಂಟು, ಇಂಗುಗುಂಡಿ ಉಂಟು. ಪ್ಲಾನಿನಲ್ಲಿ ನೋಡಿ."

"ದನದ ಕಾಲು ಜಾರ್ತದೆ."

"ನಮ್ಮ ದನ ಕೊಟ್ಟು ಒಂಬತ್ತು ವರ್ಷ ಆಯ್ತು," ಎಂದರು ಅತ್ತೆ ಒಳಗಿನಿಂದ.

"ನಮ್ಮದು ಅಂತ ಹೇಳಿದ್ನಾ? ಸಾಧಾರಣ ದನದ ವಿಷಯ ಹೇಳಿದ್ದು!"

ದಮಯಂತಿ ಜಾಣೆ. ದಾರಿ ಬದಲಾಯಿಸಿದರು. "ಕಾಂಕ್ರೀಟ್ ಆದ್ರೆ ನಿಮ್ಮ ಗಾಡಿಯ ಟಯರ್ ಉಳೀತದೆ ಭಟ್ರೆ."

"ಟಯರಿಗೆ ಹೆದರುವವ ಫೋರ್‌ವೀಲ್ ತೆಗೊಳ್ಳುದಿಲ್ಲ. ರಸ್ತೆ ಹೇಗೂ ಇರಲಿ, ನನ್ನ ಗಾಡಿ ಹತ್ತುತದೆ. ತಗ್ಗಿನಲ್ಲಿ ಮಾಳಿಗೆ ಮನೆ ಕಟ್ಟುವಾಗ ಇಲ್ಲದ ರಸ್ತೆಯ ಆತುರ ಜನರಿಗೆ ಈಗ ಎಂತಕ್ಕೆ? ಐದು ವರ್ಷದಿಂದ ಯಾರನ್ನಾದ್ರೂ ನಾನು ದಾರಿಯಲ್ಲಿ ಬಿಟ್ಟಿದ್ದೇನಾ?"

ಇದೇ ವಿಷಯ. ಬಾವಿಯೂ ಅಲ್ಲ, ದನವೂ ಅಲ್ಲ. ಕಾಂಕ್ರೀಟ್ ಬಿದ್ದ ಮರುದಿನ, ಈಗ ಮೇಲೆಯೇ ನಿಲ್ಲುವ ಪ್ರವೀಣನ ರಿಕ್ಷಾ ಮನೆಮನೆಯ ಅಂಗಳಕ್ಕೆ ಬರುತ್ತದೆ. ಕಿಟ್ಟಣ್ಣನ ಆನೆ ಮನೆಯ ಶೆಡ್ಡಿನಲ್ಲೇ ಮಲಗುತ್ತದೆ. "ಭಟ್ರೆ, ಒಮ್ಮೆ ಬರ್ತೀರಾ?" ಎಂದು ಯಾರೂ ಫೋನು ಮಾಡುವುದಿಲ್ಲ. ಊರಿಗೆ ರಸ್ತೆ ಬಂದರೆ ಮಾವನ ಬಳಿ ಉಳಿಯುವುದು ಒಂದು ಬೆಂಕಿಪೆಟ್ಟಿಗೆ ಮಾತ್ರ.

ದಮಯಂತಿ ಫೈಲು ಮಡಚಿ ಎದ್ದರು. ಮೆಟ್ಟಿಲಲ್ಲಿ ಚಪ್ಪಲಿ ಹಾಕುತ್ತ ನನ್ನ ಕಡೆ ನೋಡಿ, "ನೀವಾದ್ರೂ ಹೇಳಿ ದೀಪ್ತಿ ಅಕ್ಕ. ನಿಮಗೆ ಸಣ್ಣ ಮಗು ಉಂಟು," ಎಂದರು.

ಹೇಳಿದೆ. ಮೂರು ವಾರ ಹೇಳಿದೆ. ಮೊದಲು ಗಂಡನಿಗೆ. ಅವರು ಹತ್ತಿರದ ಶಾಲೆಯಲ್ಲಿ ಮೇಷ್ಟ್ರು. ಮೂವತ್ತೈದು ಮಕ್ಕಳಿಗೆ ಧೈರ್ಯ, ಸಾಹಸ, ಸ್ಪಷ್ಟ ಮಾತು ಎಲ್ಲವನ್ನೂ ಪಾಠ ಮಾಡುವವರು. "ಅಪ್ಪನ ಹತ್ರ ನಿಧಾನಕ್ಕೆ ಮಾತಾಡ್ತೇನೆ," ಎಂದು ಬ್ಯಾಗು ಹಿಡಿದು ಅವಸರದಲ್ಲಿ ಹೊರಟರು. ಪ್ರತಿದಿನವೂ. ಆಮೇಲೆ ಮಾವನಿಗೇ ಹೇಳಿದೆ.

"ಮಾವ, ಪಾಪುಗೆ ಹೆಚ್ಚುಕಡಿಮೆ ಆದ್ರೆ ರಿಕ್ಷಾ ಬರಲ್ಲ, ಆಂಬುಲೆನ್ಸ್ ಬರಲ್ಲ."

"ಆಂಬುಲೆನ್ಸ್ ಎಂತಕ್ಕೆ? ಮನೆಯಲ್ಲೇ ಫೋರ್‌ವೀಲ್ ಉಂಟಲ್ಲ?"

"ಅದು ಕೈಕೊಟ್ರೆ?"

ಅವರು ನನ್ನನ್ನು ಮರುಕದಿಂದ ನೋಡಿದರು. "ನೀವು ಪೇಟೆಯವರು ಎಲ್ಲದಕ್ಕೂ ಹೆದರುದು. ಅದಕ್ಕೇ ಮಗುವಿಗೂ ಉಬ್ಬಸ ಬರುದು."

ಆ ದಿನ ನಾನು ಅವರಿಗೆ ಮಧ್ಯಾಹ್ನದ ಮಜ್ಜಿಗೆ ಬಡಿಸಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ, ಅತ್ತೆ ಬಡಿಸಿದರು.

ಗ್ರಾಮಸಭೆಗೆ ನಾಲ್ಕು ದಿನ ಇರುವಾಗ, ಬುಧವಾರ, ಬೆಳಗ್ಗೆ ಹತ್ತೂವರೆಗೆ ಶ್ರೀರಂಜಿನಿ ಆಟ ಬಿಟ್ಟು ಬಂದು ನನ್ನ ಮಡಿಲಲ್ಲಿ ಸುಮ್ಮನೆ ಕುಳಿತಳು. ಮಾತಾಡದ ಮಗುವಿನಷ್ಟು ಹೆದರಿಕೆಯ ವಸ್ತು ಬೇರೆ ಇಲ್ಲ. ಎದೆಗೆ ಕಿವಿಯಿಟ್ಟೆ. ಶಿಳ್ಳೆ. ಇನ್ಹೇಲರ್ ಕೊಟ್ಟೆ, ಕಾದೆ, ಮತ್ತೆ ಕೊಟ್ಟೆ. ಮಿಷನ್ ತೆಗೆದೆ, ಬೆಳಗಿನ ಜಾವದಿಂದಲೇ ಕರೆಂಟಿರಲಿಲ್ಲ. ಅಂಗಿ ಎತ್ತಿ ನೋಡಿದರೆ ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು.

"ಮಾವ, ಹೊರಡಬೇಕು. ಈಗಲೇ."

ಮಾವ ಮಗುವನ್ನು ನೋಡಿದರು. ಮುಖ ಬಿಳುಚಿತು. ಅವರಿಗೆ ಮೊಮ್ಮಗಳೆಂದರೆ ಪ್ರಾಣ, ಅದರಲ್ಲಿ ನನಗೆ ಸಂಶಯವಿಲ್ಲ. ಒಂದೇ ನಿಮಿಷದಲ್ಲಿ ಅಂಗಿ ಹಾಕಿ ಬಂದರು. ಬಟ್ಯ ಇರಲಿಲ್ಲ, ಹಿಂದಿನ ದಿನವೇ ಮೀಂಜದ ಮಗಳ ಮನೆಗೆ ಹೋಗಿದ್ದ. ಅವನು ಸೋಮವಾರ ಹಾಸಿದ್ದ ಸಿಪ್ಪೆ ಎರಡು ದಿನದ ಮಳೆಗೆ ತೊಳೆದು ತೋಡು ಸೇರಿತ್ತು.

"ಬಟ್ಯ ಇಲ್ಲದಿದ್ರೆ ಎಂತ? ಇಂಥ ಹೊತ್ತಿಗೇ ಅಲ್ವಾ ಇದು ಇರುದು?" ಎಂದರು ಮಾವ. ಸೀಟಿನಲ್ಲಿ ಕುಳಿತು ಲಿವರಿನ ರಬ್ಬರ್ ಬ್ಯಾಂಡ್ ಬಿಡಿಸಿದರು. ತೊಟ್ಟೆ ತೆಗೆದರು. ನಾನು ಹಿಂದಿನ ಬೆಂಚಿನಲ್ಲಿ ಮಗುವಿನ ಉಸಿರು ಎಣಿಸುತ್ತಿದ್ದರೆ ಅವರು ಆ ತೊಟ್ಟೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಲಿವರ್ ಹಿಡಿದು ಎಳೆದರು.

ಅದು ಅಲುಗಲಿಲ್ಲ.

ಇನ್ನೊಮ್ಮೆ ಎಳೆದರು. ಎರಡು ಕೈಯಲ್ಲಿ ಎಳೆದರು. ಕಾಲನ್ನು ಮುಂದಕ್ಕೆ ಒತ್ತಿ, ಹಲ್ಲು ಕಚ್ಚಿ, ಬಾವಿಯಿಂದ ಕೊಡ ಎಳೆಯುವ ಹಾಗೆ ಎಳೆದರು. ಕಟ್ ಎಂದು ಸದ್ದಾಯಿತು. ಲಿವರಿನ ತಲೆಯಲ್ಲಿದ್ದ ಕಪ್ಪು ಗುಂಡು ಅವರ ಮುಷ್ಟಿಯಲ್ಲಿತ್ತು. ಉಳಿದದ್ದು ಇದ್ದಲ್ಲೇ ಇತ್ತು.

"ಸ್ವಲ್ಪ ಬಿಗಿ ಉಂಟು," ಎಂದರು ಮಾವ.

ಹೆಚ್ಚು ಬಾಯಿ ಬಿಟ್ಟರೆ ಏನು ಬರುತ್ತಿತ್ತೋ. "ಹಾಗೇ ಬಿಡಿ ಮಾವ, ಹೊರಡಿ," ಎಂದಷ್ಟೇ ಹೇಳಿದೆ.

ಗಾಡಿ ಹೊರಟಿತು. ನೇರ ಭಾಗವನ್ನು ಹೇಗೋ ಹತ್ತಿತು. ತಿರುವಿಗೆ ಬಂದಾಗ ಹಿಂದಿನ ಚಕ್ರಗಳು ಸುಮ್ಮನೆ ಗಿರಗಿರ ತಿರುಗತೊಡಗಿದವು. ಕೆಂಪು ಕೆಸರು ಎರಡು ಬದಿಗೂ ಹಾರಿತು. ಮಾವ ಇನ್ನಷ್ಟು ಒತ್ತಿದರು. ಗಾಡಿ ಮುಂದೆ ಹೋಗುವ ಬದಲು ಮೆಲ್ಲಗೆ, ಮರ್ಯಾದೆಯಿಂದ ಎಂಬ ಹಾಗೆ, ಹಿಂದಕ್ಕೆ ಜಾರಿ, ಅಡ್ಡ ತಿರುಗಿ, ಎಡಗಡೆಯ ಹಿಂದಿನ ಚಕ್ರವನ್ನು ಚರಂಡಿಗೆ ಇಳಿಸಿ, ನಮ್ಮದೇ ಹಿತ್ತಿಲಿನ ಮಣ್ಣಿನ ಗೋಡೆಯಂಥ ಬರೆಗೆ ಒರಗಿ ನಿಂತಿತು. ತಾಯಿಯಾದ ಈ ನಾಲ್ಕು ವರ್ಷದಲ್ಲಿ ನಾನು ರಾತ್ರಿ ಹಗಲು ಕಲ್ಪಿಸಿಕೊಂಡ ಅನಾಹುತಗಳು ಸಾವಿರ ಇದ್ದಾವು. ಅವುಗಳಲ್ಲಿ ಇದೊಂದು ಇರಲಿಲ್ಲ.

ಹಿಂದಿನ ಬಾಗಿಲನ್ನು ಕಾಲಿನಿಂದ ಒದ್ದು ತೆರೆದೆ. ಮಗುವನ್ನು ಎದೆಗೆ ಕಟ್ಟಿಕೊಂಡು ಇಳಿದೆ. ಮೊದಲ ಹೆಜ್ಜೆಗೆ ಒಂದು ಚಪ್ಪಲಿ ಹೋಯಿತು, ನಾಲ್ಕನೆಯದಕ್ಕೆ ಇನ್ನೊಂದು. "ಕೊಡೆ ತೆಗೊ, ಕೊಡೆ!" ಎಂದು ಮಾವ ಹಿಂದಿನಿಂದ ಕೂಗುತ್ತಿದ್ದರು. ನಾನು ತಿರುಗಲಿಲ್ಲ. ಬದಿಯ ಹುಲ್ಲು ಹಿಡಿದು, ಮೊಣಕಾಲೂರಿ, ಎದ್ದು ಹತ್ತಿದೆ. ಶ್ರೀರಂಜಿನಿ ನನ್ನ ಕುತ್ತಿಗೆಯ ಬಳಿ ಉಸಿರು ಹುಡುಕುತ್ತಿದ್ದಳು.

ಮೇಲೆ ಅಂಗಡಿಯ ಜಗಲಿಯಲ್ಲಿ ಕಿಟ್ಟಣ್ಣ ಪೇಪರು ಓದುತ್ತಿದ್ದರು. ನನ್ನನ್ನು ನೋಡಿದ್ದೇ ಪೇಪರು ಬಿಟ್ಟು ಎದ್ದರು. ಟರ್ಪಾಲನ್ನು ಒಂದೇ ಎಳೆತಕ್ಕೆ ತೆಗೆದು ಬಿಸಾಡಿದರು. "ಕೂತ್ಕೊಳ್ಳಿ ಅಕ್ಕ."

"ಕೆಸರು… ಸೀಟು…"

"ಸೀಟು ತೊಳಿಲಿಕ್ಕೆ ಆಗ್ತದೆ. ಕೂತ್ಕೊಳ್ಳಿ ಮಾರಾಯ್ತಿ!"

ಕುಂಬಳೆಗೆ ಹದಿಮೂರು ನಿಮಿಷ. ಎರಡು ಸಲ ಹಬೆ ಕೊಟ್ಟ ಮೇಲೆ ಅವಳ ಪಕ್ಕೆಯ ಏರಿಳಿತ ನಿಧಾನವಾಯಿತು. ಮೂರನೆಯದರ ನಡುವೆ ಮಾಸ್ಕಿನ ಒಳಗಿನಿಂದಲೇ ಬಿಸ್ಕೆಟ್ ಕೇಳಿದಳು. ಆಗ ನನಗೆ ಅಳು ಬಂತು. ನರ್ಸು ನನಗೂ ಒಂದು ಕುರ್ಚಿ ಎಳೆದು ಹಾಕಿದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಿದ್ದೆ. ತೊಟ್ಟೆ, ರಬ್ಬರ್ ಬ್ಯಾಂಡ್, ಮುಷ್ಟಿಯಲ್ಲಿ ಬಂದ ಗುಂಡು, ಐದು ವರ್ಷ ಬಟ್ಯನ ಬೆನ್ನ ಮೇಲೆ ಹತ್ತಿದ ಫೋರ್‌ವೀಲ್. ಊರೆಲ್ಲ ಕೇಳುವ ಹಾಗೆ ಹೇಳಬೇಕು, ಒಂದೂ ಬಿಡಬಾರದು. ಒಳ್ಳೊಳ್ಳೆಯ ವಾಕ್ಯಗಳು ಸಿದ್ಧವಾಗಿದ್ದವು.

ಮೇಲಿನ ರಸ್ತೆಯಲ್ಲಿ ಕಾರಿನಿಂದ ಇಳಿದಾಗ ನಾಲ್ಕು ಗಂಟೆ. ಶಾಲೆಯಿಂದ ನೇರ ಆಸ್ಪತ್ರೆಗೆ ಬಂದಿದ್ದ ಗಂಡ ಮಗುವನ್ನು ಎತ್ತಿಕೊಂಡರು. ಕಿಟ್ಟಣ್ಣನೂ ಜೊತೆಗೆ ನಡೆದರು. ತಿರುವಿನಲ್ಲಿ ಊರಿಗೆ ಊರೇ ನಿಂತಿತ್ತು. ಗಾಡಿ ಒರಗಿದ ಹಾಗೆಯೇ ಇತ್ತು. ಯಾರೋ ಹಗ್ಗ ತಂದಿದ್ದರು. ಸುದ್ದಿ ಕೇಳಿ ದಮಯಂತಿಯೂ ಬಂದಿದ್ದರು, ಕಂಕುಳಲ್ಲಿ ಅದೇ ಫೈಲು. ಮಾವ ಮೊಣಕಾಲಿನ ತನಕ ಕೆಸರಿನಲ್ಲಿ ನಿಂತಿದ್ದರು. ಮೊಮ್ಮಗಳನ್ನು ಕಂಡವರೇ ಓಡಿ ಬಂದು ಅವಳ ಎದೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ನಿಂತು, ಕೈ ತೆಗೆದರು.

ಆಗ ಗುಂಪಿನಲ್ಲಿ ರಿಕ್ಷಾದ ಪ್ರವೀಣ ಕೇಳಿದ. "ಅಲ್ಲ ಭಟ್ರೆ, ಫೋರ್‌ವೀಲ್ ಹಾಕಿದ್ರಾ?"

ಎಲ್ಲರೂ ಮಾವನ ಮುಖ ನೋಡಿದರು. ಮಾವ ನನ್ನ ಮುಖ ನೋಡಿದರು. ಅವರ ಬಲಗೈ ಅಂಗಿಯ ಜೇಬಿನೊಳಗೆ ಮುಷ್ಟಿಯಾಗಿತ್ತು. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು.

ನನ್ನ ವಾಕ್ಯಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಮಗಳನ್ನು ನೋಡಿದೆ, ಅಪ್ಪನ ಹೆಗಲಲ್ಲಿ ಬಿಸ್ಕೆಟ್ ಪೊಟ್ಟಣ ಹಿಡಿದು ನಿದ್ದೆ ಮಾಡಿದ್ದಳು. ಈ ಮಳೆಗಾಲ ಮುಗಿಯಲು ಇನ್ನೂ ಎರಡೂವರೆ ತಿಂಗಳು ಬಾಕಿ. ಈಗ ಇವರ ಮಾನ ಕಳೆದರೆ ನನಗೆ ಒಂದು ಸಂಜೆಯ ಸುಖ ಸಿಗಬಹುದು. ಸಹಿ ಮಾತ್ರ ಈ ಜನ್ಮದಲ್ಲಿ ಸಿಗುವುದಿಲ್ಲ.

"ಹಾಕಿದ್ರು," ಎಂದೆ. "ನಾನೇ ನೋಡಿದೆ. ಹಾಕಿದ್ರೂ ಹತ್ತಲಿಲ್ಲ."

ಮಾವನ ಕಣ್ಣು ಅರಳಿತು.

"ಫೋರ್‌ವೀಲ್ ಹಾಕಿದ್ರೂ ಹತ್ತಲಿಲ್ಲ ಅಂದ್ರೆ ಈ ರಸ್ತೆ ಎಷ್ಟು ಹಾಳಾಗಿದೆ ಯೋಚನೆ ಮಾಡಿ," ಎಂದೆ. "ಗಾಡಿ ಏನು ಮಾಡತ್ತೆ ಪಾಪ."

ಮಾವನ ಬೆನ್ನು ನೆಟ್ಟಗಾಯಿತು. "ಅದೇ! ಅದೇ ನಾನು ಹೇಳುದು!" ಎಂದು ಜೇಬಿನಿಂದ ಬರಿಗೈ ತೆಗೆದು ಬೀಸಿದರು. "ಇದು ರಸ್ತೆಯಾ? ಫೋರ್‌ವೀಲೇ ಹತ್ತುದಿಲ್ಲ! ನನ್ನಂಥವನದ್ದೇ ಹೀಗಾದ್ರೆ ಬಾಕಿಯವರ ಗತಿ ಎಂತ? ಪಂಚಾಯತಿನವರು ಇಷ್ಟು ವರ್ಷ ಎಂತ ಮಾಡ್ತಿದ್ರು? ನಿದ್ರೆಯಾ?"

"ನಿದ್ರೆ ಅಲ್ಲ ಭಟ್ರೆ," ದಮಯಂತಿ ತಡಮಾಡದೆ ಫೈಲು ಬಿಚ್ಚಿದರು. "ನಿಮ್ಮ ಒಂದು ಸೈನ್ ಕಾಯ್ತಾ ಇದ್ರು."

"ಅದು… ಮೊದಲು ಗಾಡಿ ಎಳೆಯುವ. ಕಾಗದ ನಾಳೆ ನೋಡುವ."

"ಮೊದಲು ಸೈನ್, ಮತ್ತೆ ಹಗ್ಗ," ಎಂದರು ಕಿಟ್ಟಣ್ಣ. ಹಗ್ಗ ಹಿಡಿದವರು ಅದನ್ನು ನೆಲಕ್ಕೆ ಹಾಕಿ ಕೈ ಕಟ್ಟಿ ನಿಂತರು.

ನಾನು ಮಾವನ ಹತ್ತಿರ ಹೋಗಿ ಪೆನ್ನು ಕೊಟ್ಟೆ. ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. "ಲಿವರನ್ನ ಕೃಷ್ಣಕುಮಾರರಿಗೆ ತೋರಿಸ್ಬೇಕಲ್ಲ ಮಾವ. ಏನಾಯ್ತು ಅಂತ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಅವರು ಪೆನ್ನು ತೆಗೆದುಕೊಂಡರು.

ಓರೆಯಾಗಿ ನಿಂತ ಗಾಡಿಯ ಬಾನೆಟ್ಟಿನ ಮೇಲೆ ದಮಯಂತಿ ಫೈಲು ಇಟ್ಟು, ಜಾರದಂತೆ ಒತ್ತಿ ಹಿಡಿದರು. ಅಷ್ಟರಲ್ಲಿ ಮತ್ತೆ ಮಳೆ ಬಂತು. ಗಂಡ ಕೊಡೆ ಬಿಚ್ಚಿ ಮಗುವನ್ನು ಮನೆಗೆ ಒಯ್ದರು. ಮಾವ ಕನ್ನಡಕ ಒರೆಸಿ ಫಾರಮಿನ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದರು. ಜಾಗದ ಅಳತೆ ಬಂದಲ್ಲಿ ನಿಲ್ಲಿಸಿದರು.

"ಎರಡೂವರೆ ಎಂತಕ್ಕೆ? ಮೂರು ಅಂತ ಬರೀರಿ ಮೆಂಬರೇ. ಕೊಡುವಾಗ ಚಿಲ್ಲರೆ ಲೆಕ್ಕ ನನಗೆ ಆಗುದಿಲ್ಲ."

ಜನ "ಹೌದಾ!" ಎಂದರು. ಅತ್ತೆ ದೂರದಿಂದ ಹಣೆ ಚಚ್ಚಿಕೊಂಡರು. ದಮಯಂತಿ ಎರಡೂವರೆಯನ್ನು ಹೊಡೆದು ಮೂರು ಮಾಡಿ ಪಕ್ಕದಲ್ಲಿ ಅವರಿಂದ ಒಂದು ಚಿಕ್ಕ ಸಹಿ, ಕೆಳಗೆ ಒಂದು ದೊಡ್ಡ ಸಹಿ ಹಾಕಿಸಿಕೊಂಡರು. ನನ್ನ ಕೈಯಲ್ಲಿ ಕಿಟ್ಟಣ್ಣ ಕೊಟ್ಟ ಒಂದೇ ಕೊಡೆ ಇತ್ತು. ಅದನ್ನು ಕಾಗದದ ಮೇಲೆ ಹಿಡಿದೆ. ಮಾವ ನೆನೆದರು.